ಕಾಲ್ಗುಣವೋ, ಕಾಲ್ಚಳಕವೋ?

ಪ್ರಶ್ನೆ: ನಾನು ದಾವಣಗೆರೆಯ ವಿದ್ಯಾನಗರದ ನಿವಾಸಿ, ಬಟ್ಟೆ ಅಂಗಡಿ ಇಟ್ಟುಕೊಂಡಿದ್ದೇನೆ. ಬೆಂಗಳೂರು ಎಫ್‌ಸಿ ಫುಟ್‌ಬಾಲ್ ತಂಡದ ಕಟ್ಟಾ ಅಭಿಮಾನಿ. ನಮ್ಮ ಪಕ್ಕದ ಬೇಕರಿಯವರು ಕಣ್ಣೂರಿನ ಕಡೆಯವರು, ಇಪ್ಪತ್ತು ವರ್ಷದ ಸ್ನೇಹ. ಅವರಿಗೆ ಕೇರಳ ಬ್ಲಾಸ್ಟರ್ಸ್ ಎಂದರೆ ಪ್ರಾಣ. 2023ರ ಮಾರ್ಚ್‌ನಲ್ಲಿ ನಮ್ಮ ತಂಡದ ಸುನಿಲ್ ಚೆಟ್ರಿ ಅವರ ತಂಡದ ಎದುರು ಹೊಡೆದ ಆ ಫ್ರೀ ಕಿಕ್ ನಂತರ ನಮ್ಮಿಬ್ಬರ ವಾದ ನಿಂತೇ ಇಲ್ಲ. ‘ನಿಮ್ಮದೆಲ್ಲ ಅದೃಷ್ಟದ ಗೆಲುವು’ ಎಂದು ಅವರು, ‘ಮೂರು ಫೈನಲ್ ಸೋತವರು ಆಟದ ಮಾತು ಆಡಬಾರದು’ ಎಂದು ನಾನು. 2025ರ ಇಂಡಿಯನ್ ಸೂಪರ್ ಲೀಗ್ (ಐಎಸ್‌ಎಲ್) ಫೈನಲ್‌ಗೆ ಬೆಂಗಳೂರು ಗೆಲ್ಲುತ್ತದೆಂದು ಅವರೊಂದಿಗೆ ಐದು ಸಾವಿರ ರೂಪಾಯಿ ಪಣ ಕಟ್ಟಿ ಸೋತೆ. ಬೇಕರಿಯಲ್ಲಿ ಕೂತು ಪಂದ್ಯ ನೋಡಿದರೆ ನಿಮ್ಮ ಕಾಲ್ಗುಣದಿಂದ ನಿಮ್ಮ ತಂಡವೇ ಸೋಲುತ್ತದೆ ಎಂದು ಈಗ ಎಲ್ಲರೂ ಆಡಿಕೊಳ್ಳುತ್ತಾರೆ. ಇದೆಲ್ಲ ಇರಲಿ. ಹದಿನಾಲ್ಕು ವರ್ಷದ ಮಗ ಶಾಲಾ ತಂಡದ ಗೋಲ್‌ಕೀಪರ್. ಹೋದ ತಿಂಗಳು, ಸಮವಾದ ಪಂದ್ಯವನ್ನು ಸರದಿಯ ಹೊಡೆತಗಳಿಂದ ತೀರ್ಮಾನಿಸುವ ಪೆನಾಲ್ಟಿ ಶೂಟೌಟ್‌ನಲ್ಲಿ ಸೋತು ಬಂದವನು, ‘ಎಲ್ಲಾ ಅದೃಷ್ಟವೇ ಆದರೆ ಬೆಳಿಗ್ಗೆ ಐದೂವರೆಗೆ ಎದ್ದು ಮೈದಾನಕ್ಕೆ ಏಕೆ ಹೋಗಬೇಕು, ಅಪ್ಪ?’ ಎಂದು ಕೇಳಿದ. ಉತ್ತರ ಹೊಳೆಯಲಿಲ್ಲ. ಫುಟ್‌ಬಾಲ್‌ನಲ್ಲಿ ಅದೃಷ್ಟ ಎಷ್ಟು, ಆಟ ಎಷ್ಟು? ದಯವಿಟ್ಟು ತಿಳಿಸಿ.

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಸ್ನೇಹಿತರ ವಾದ, ಕಳೆದುಕೊಂಡ ಹಣ, ಮಗನ ಮಾತು ಮೂರೂ ಅದರಲ್ಲಿವೆ. ಮೂರರಲ್ಲಿ ನನ್ನನ್ನು ನಿಜವಾಗಿ ಕಾಡಿದ್ದು ಮಗನ ಮಾತು. ಮೂವತ್ತು ವರ್ಷ ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರ ಕಲಿಸಿದ್ದೇನೆ. ಅದರಲ್ಲಿ ಹದಿನೆಂಟು ವರ್ಷ ಅದೇ ಕಾಲೇಜಿನ ಫುಟ್‌ಬಾಲ್ ತಂಡವನ್ನೂ ನೋಡಿಕೊಂಡಿದ್ದೇನೆ. ಸೋತ ಹುಡುಗರ ಬಾಯಿಂದ ಈ ಪ್ರಶ್ನೆಯನ್ನು ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. ಅದಕ್ಕೆ ಉತ್ತರ ಹೇಳಬೇಕಾದರೆ ಮೊದಲು ನಿಮ್ಮ ಬೇಕರಿಯ ವಾದವನ್ನು ಬಿಡಿಸಬೇಕು.

ನಮ್ಮ ಊರಿನ ಕುಸ್ತಿಯಿಂದಲೇ ಶುರು ಮಾಡೋಣ. ದುಗ್ಗಮ್ಮನ ಜಾತ್ರೆಯ ಕುಸ್ತಿ ನೋಡಿ ಬೆಳೆದವರು ನೀವು. ಅಖಾಡದಲ್ಲಿ ಬಲ, ಪಟ್ಟು, ದಮ್ಮು ಮೂರೂ ಒಬ್ಬನ ಕಡೆ ಹೆಚ್ಚಿದ್ದರೆ ಸಾಮಾನ್ಯವಾಗಿ ಅವನೇ ಗೆಲ್ಲುತ್ತಾನೆ. ಗರಡಿಮನೆಯ ಹಿರಿಯರು ಜೋಡಿ ನೋಡಿಯೇ ಫಲಿತಾಂಶ ಹೇಳಿಬಿಡುತ್ತಾರೆ. ಕಬಡ್ಡಿಯಲ್ಲಿ ಒಂದೊಂದು ತಂಡ ಮೂವತ್ತರ ಆಸುಪಾಸು ಅಂಕ ಗಳಿಸುತ್ತದೆ, ಒಂದು ದಾಳಿ ಕೆಟ್ಟರೆ ಇನ್ನೊಂದರಲ್ಲಿ ಸರಿಮಾಡಿಕೊಳ್ಳಬಹುದು. ಫುಟ್‌ಬಾಲ್ ಹಾಗಲ್ಲ. ದೊಡ್ಡ ಲೀಗ್‌ಗಳಲ್ಲೂ ಒಂದು ಪಂದ್ಯಕ್ಕೆ ಎರಡೂ ತಂಡ ಸೇರಿ ಎರಡೂವರೆಯಿಂದ ಮೂರು ಗೋಲು, ಅಷ್ಟೇ. ತೊಂಬತ್ತು ನಿಮಿಷದ ಶ್ರಮವೆಲ್ಲ ಎರಡು ಮೂರು ಕ್ಷಣಗಳ ಮೇಲೆ ನಿಂತಿರುತ್ತದೆ. ಗೋಲಿನ ಬಾಯಿ 7.32 ಮೀಟರ್ ಅಗಲ, 2.44 ಮೀಟರ್ ಎತ್ತರ. ಕಂಬದ ದಪ್ಪ ಹೆಚ್ಚೆಂದರೆ 12 ಸೆಂಟಿಮೀಟರ್. ಚೆಂಡು ಆ ಕಂಬದ ಒಳಮೈಗೆ ತಗುಲಿದರೆ ಗೋಲು, ಹೊರಮೈಗೆ ತಗುಲಿದರೆ ಗೋಲ್ ಕಿಕ್, ಅಂದರೆ ಚೆಂಡು ಎದುರಾಳಿಯ ಪಾಲು. ಗುರಿ ಅಷ್ಟೇ ಇರುತ್ತದೆ, ಒಬ್ಬ ಡಿಫೆಂಡರನ ಮೊಣಕಾಲಿಗೆ ಸವರಿದ ಚೆಂಡು ಯಾವ ಕಡೆ ಸಿಡಿಯಿತು ಎಂಬುದು ಫಲಿತಾಂಶ ಬರೆಯುತ್ತದೆ. ಅಂದಮೇಲೆ ನಿಮ್ಮ ಸ್ನೇಹಿತರ ಮಾತಿನಲ್ಲಿ ಸತ್ಯವಿದೆ. ಅದೃಷ್ಟವೆಂಬುದು ಈ ಆಟದಲ್ಲಿ ಇದೆ, ದೊಡ್ಡ ಪ್ರಮಾಣದಲ್ಲೇ ಇದೆ.

ಎಷ್ಟು ದೊಡ್ಡದು ಎಂಬುದನ್ನು ನಾನು ತರಗತಿಯಲ್ಲಿ ಹುಣಸೆ ಬೀಜದಿಂದ ತೋರಿಸುತ್ತಿದ್ದೆ. ನೀವೂ ಮಗನೊಂದಿಗೆ ಮಾಡಿ ನೋಡಬಹುದು. ಒಂದು ಬಟ್ಟೆಯ ಚೀಲದಲ್ಲಿ ಒಂದೇ ಗಾತ್ರದ ಹತ್ತು ಹುಣಸೆ ಬೀಜ ಹಾಕಿ, ಅವುಗಳಲ್ಲಿ ಒಂದಕ್ಕೆ ಮೊದಲೇ ಸುಣ್ಣ ಬಳಿದು ಒಣಗಿಸಿರಿ. ಸುಣ್ಣದ ಬೀಜವೇ ಗೋಲು. ವೃತ್ತಿಪರ ಫುಟ್‌ಬಾಲ್‌ನಲ್ಲಿ ಸುಮಾರು ಹತ್ತು ಹೊಡೆತಕ್ಕೆ ಒಂದು ಗೋಲಾಗುತ್ತದೆ, ಅದಕ್ಕಾಗಿ ಹತ್ತರಲ್ಲಿ ಒಂದು. ಈಗ ಒಂದು ತಂಡ ಬಲಿಷ್ಠವೆಂದು ಇಟ್ಟುಕೊಳ್ಳಿ, ಅದು ಪಂದ್ಯದಲ್ಲಿ 16 ಬಾರಿ ಹೊಡೆಯುತ್ತದೆ. ದುರ್ಬಲ ತಂಡ 10 ಬಾರಿ. ಕಣ್ಣು ಮುಚ್ಚಿ ಒಂದು ಬೀಜ ತೆಗೆಯುವುದು, ಬರೆದುಕೊಳ್ಳುವುದು, ಮತ್ತೆ ಚೀಲಕ್ಕೆ ಹಾಕಿ ಅಲುಗಿಸುವುದು. ಮೊದಲ ತಂಡಕ್ಕೆ 16 ಸಲ, ಎರಡನೆಯದಕ್ಕೆ 10 ಸಲ. ಅದು ಒಂದು ಪಂದ್ಯ.

ಇಂತಹ ನೂರು ಪಂದ್ಯ ಆಡಿಸಿದರೆ ಬಲಿಷ್ಠ ತಂಡ ಗೆಲ್ಲುವುದು ಸುಮಾರು 52 ಮಾತ್ರ. 25 ಸಮ. ಉಳಿದ 23ರಲ್ಲಿ ದುರ್ಬಲ ತಂಡವೇ ಗೆಲ್ಲುತ್ತದೆ. ಗಮನಿಸಿ, ಇಲ್ಲಿ ಒಂದು ತಂಡ ಇನ್ನೊಂದಕ್ಕಿಂತ ಒಂದೂವರೆ ಪಟ್ಟಿಗೂ ಹೆಚ್ಚು ಅವಕಾಶ ಸೃಷ್ಟಿಸುತ್ತಿದೆ, ಅದು ಕಣ್ಣಿಗೆ ರಾಚುವಷ್ಟು ವ್ಯತ್ಯಾಸ. ಆದರೂ ಅರ್ಧದಷ್ಟು ಸಲ ಅದಕ್ಕೆ ಗೆಲುವಿಲ್ಲ. ಹುಡುಗರಿಗೆ ಇದನ್ನು ಬಾಯಲ್ಲಿ ಹೇಳಿದರೆ ನಂಬುತ್ತಿರಲಿಲ್ಲ. ಬೀಜ ತೆಗೆದು ತೆಗೆದು, ‘ಸರ್, ನನ್ನ ದೊಡ್ಡ ತಂಡ ಮತ್ತೆ ಸೋತಿತು’ ಎಂದು ಒಬ್ಬೊಬ್ಬರೇ ಕೂಗತೊಡಗಿದಾಗ ತರಗತಿಯ ಮುಖವೇ ಬದಲಾಗುತ್ತಿತ್ತು.

ಅದೇ ಎರಡು ತಂಡಗಳನ್ನು ಒಂದರ ವಿರುದ್ಧ ಒಂದು 24 ಬಾರಿ ಆಡಿಸಿ ಅಂಕ ಕೂಡಿಸಿದರೆ ಚಿತ್ರ ಬೇರೆಯೇ. ಆಗ ನೂರಕ್ಕೆ 95ರಷ್ಟು ಸಲ ಬಲಿಷ್ಠ ತಂಡವೇ ಮುಂದಿರುತ್ತದೆ. ಬೀಜಗಳು ಅವೇ, ಚೀಲ ಅದೇ. ಒಂದು ರಾತ್ರಿಯ ಪಂದ್ಯದಲ್ಲಿ ಅದೃಷ್ಟದ ದನಿ ದೊಡ್ಡದು, ಇಡೀ ಋತುವಿನಲ್ಲಿ ಆಟದ ದನಿ ದೊಡ್ಡದು. ನಿಮ್ಮಿಬ್ಬರ ಜಗಳ ಬಗೆಹರಿಯದೆ ಇರುವುದು ಇದಕ್ಕೇ: ಬೆಂಗಳೂರು ಮತ್ತು ಕೇರಳ ಲೀಗ್ ಹಂತದಲ್ಲಿ ಸಾಮಾನ್ಯವಾಗಿ ವರ್ಷಕ್ಕೆ ಎರಡೇ ಬಾರಿ ಎದುರಾಗುತ್ತವೆ. ಪರಸ್ಪರ ಪಂದ್ಯಗಳಿಂದಲೇ ಯಾರು ಮೇಲು ಎಂದು ಖಚಿತಪಡಿಸಿಕೊಳ್ಳಲು ಹೊರಟರೆ, ಅಷ್ಟು ಪಂದ್ಯ ಕೂಡುವ ಹೊತ್ತಿಗೆ ನಿಮ್ಮ ಮಗನಿಗೆ ಮೀಸೆ ಬಂದು ಮದುವೆಯೂ ಆಗಿರುತ್ತದೆ. ಅಷ್ಟರಲ್ಲಿ ತಂಡದಲ್ಲಿರುವ ಹನ್ನೊಂದು ಜನರೂ ಬೇರೆಯವರೇ.

ಇನ್ನು ‘ಮೂರು ಫೈನಲ್ ಸೋತವರು’ ಎಂಬ ನಿಮ್ಮ ಮಾತಿಗೆ ಬರುತ್ತೇನೆ. ಇದನ್ನು ನೀವು ಹೇಳಬಾರದಿತ್ತು, ಏಕೆಂದರೆ ಬೆಂಗಳೂರೂ ಇಂಡಿಯನ್ ಸೂಪರ್ ಲೀಗ್‌ನಲ್ಲಿ ಮೂರು ಫೈನಲ್ ಸೋತಿದೆ. ಕೇರಳದ ಸೋಲುಗಳನ್ನು ನೋಡಿ: 2014ರಲ್ಲಿ ಕೋಲ್ಕತ್ತದ ಎದುರು ಕೊನೆಯ ಗಳಿಗೆಯ ಒಂದು ಗೋಲು. 2016ರಲ್ಲಿ ತನ್ನದೇ ಕೊಚ್ಚಿಯಲ್ಲಿ ಅದೇ ಕೋಲ್ಕತ್ತದ ಎದುರು ಪೆನಾಲ್ಟಿ ಶೂಟೌಟ್. 2022ರಲ್ಲಿ ಹೈದರಾಬಾದ್ ಎದುರು 88ನೇ ನಿಮಿಷದವರೆಗೂ ಮುಂದಿದ್ದು, ಮತ್ತೆ ಶೂಟೌಟ್‌ನಲ್ಲಿ ಸೋಲು. ಈಗ ಬೆಂಗಳೂರಿನದು: 2018ರಲ್ಲಿ ಕಂಠೀರವದಲ್ಲೇ ಚೆನ್ನೈಯಿನ್ ಎದುರು 2-3. 2023ರಲ್ಲಿ ಎಟಿಕೆ ಮೋಹನ್ ಬಾಗಾನ್ ಎದುರು ಶೂಟೌಟ್‌ನಲ್ಲಿ 3-4. 2025ರಲ್ಲಿ ಕೋಲ್ಕತ್ತದಲ್ಲಿ ಮೋಹನ್ ಬಾಗಾನ್ ಎದುರು ಹೆಚ್ಚುವರಿ ಸಮಯದಲ್ಲಿ 1-2. ಆರೂ ಸೋಲುಗಳು ಒಂದೇ ಗೋಲಿನ ಅಂತರದವು ಇಲ್ಲವೇ ಶೂಟೌಟಿನವು. ಬೆಂಗಳೂರಿನ ಕಪಾಟಿನಲ್ಲಿ ಇದ್ದು ಕೇರಳದಲ್ಲಿ ಇಲ್ಲದ ಆ ಒಂದು ಐಎಸ್‌ಎಲ್ ಕಪ್ ಬಂದದ್ದು 2019ರಲ್ಲಿ ಮುಂಬೈಯಲ್ಲಿ ನಡೆದ ಫೈನಲ್‌ನ 117ನೇ ನಿಮಿಷದಲ್ಲಿ, ಮೈದಾನದ ಮೂಲೆಯಿಂದ ಬಂದ ಕಾರ್ನರ್ ಕಿಕ್‌ಗೆ ರಾಹುಲ್ ಭೆಕೆ ತಲೆಕೊಟ್ಟಾಗ.

ಹಾಗಾದರೆ ಭೆಕೆಯ ಗೋಲು ಅದೃಷ್ಟವೇ? ಇಲ್ಲಿ ಆತುರಪಡಬಾರದು. ಕಾರ್ನರ್ ಎಂಬುದು ವಾರವಿಡೀ ಅಭ್ಯಾಸ ಮಾಡಿದ ಪಾಠ. ಯಾರು ಮುಂದಿನ ಕಂಬಕ್ಕೆ ಓಡಬೇಕು, ಯಾರು ಡಿಫೆಂಡರನನ್ನು ಎಳೆದುಕೊಂಡು ಹೋಗಬೇಕು ಎಂಬುದೆಲ್ಲ ಮೊದಲೇ ನಿಗದಿ. ಹತ್ತು ಸಲ ಕೈಕೊಡುವ ಪಾಠ ಹನ್ನೊಂದನೆಯ ಸಲ ಫಲಿಸುತ್ತದೆ. ಅದು ಯಾವ ನಿಮಿಷದಲ್ಲಿ ಫಲಿಸುತ್ತದೆ ಎಂಬುದು ಅದೃಷ್ಟ, ಫಲಿಸುವಂತೆ ಕಟ್ಟಿಟ್ಟದ್ದು ಕಸುಬು. ಅದಕ್ಕೂ ಹಿಂದಿನ ವರ್ಷದ ಕಥೆ ಇನ್ನೂ ಹೃದಯಕ್ಕೆ ನಾಟುವಂಥದ್ದು. 2017-18ರ ಲೀಗ್‌ನಲ್ಲಿ ಬೆಂಗಳೂರು 18 ಪಂದ್ಯಗಳಿಂದ 40 ಅಂಕ ಗಳಿಸಿತ್ತು, ಎರಡನೇ ಸ್ಥಾನದ ಚೆನ್ನೈಯಿನ್‌ಗಿಂತ 8 ಅಂಕ ಮುಂದೆ. ಫೈನಲ್‌ನಲ್ಲೂ 9ನೇ ನಿಮಿಷಕ್ಕೇ ಚೆಟ್ರಿ ಗೋಲು. ಆದರೆ ಚೆನ್ನೈಯಿನ್‌ನ ಮೈಲ್ಸನ್ ಆಲ್ವೆಸ್ ಎರಡು ಕಾರ್ನರ್‌ಗಳಿಗೆ ಎರಡು ಹೆಡರ್ ಕೊಟ್ಟು ಪಂದ್ಯ ತಿರುಗಿಸಿದರು. ಆ ರಾತ್ರಿ ಕಪ್ ಎತ್ತಿದ್ದು ಚೆನ್ನೈಯಿನ್. ಆ ವರ್ಷದ ಉತ್ತಮ ತಂಡ ಯಾವುದು ಎಂದು ನನ್ನನ್ನು ಕೇಳಿದರೆ ಅಂಕಪಟ್ಟಿಯನ್ನೇ ತೋರಿಸುತ್ತೇನೆ.

ಈಗ ನಿಮ್ಮ 2023ರ ಮಾರ್ಚ್ 3. ನಿಗದಿತ ಸಮಯದಲ್ಲಿ ಗೋಲಿಲ್ಲ, ಹೆಚ್ಚುವರಿ ಸಮಯ ಶುರುವಾಗಿದೆ. ಪೆನಾಲ್ಟಿ ಆವರಣದ ಹೊರಗೆ ಬೆಂಗಳೂರಿಗೆ ಫ್ರೀ ಕಿಕ್. ಕೇರಳದ ಗೋಲ್‌ಕೀಪರ್ ಚೆಂಡಿಗೆ ಅಡ್ಡ ನಿಲ್ಲುವ ಆಟಗಾರರ ಗೋಡೆ ಜೋಡಿಸುವುದರಲ್ಲಿದ್ದಾರೆ. ಚೆಟ್ರಿ ಸೀಟಿಗೆ ಕಾಯದೆ ಖಾಲಿ ಗೋಲಿಗೆ ಚೆಂಡು ತೇಲಿಸಿದರು, ರೆಫರಿ ಗೋಲು ಕೊಟ್ಟರು. ಕೇರಳದ ಕೋಚ್ ಇವಾನ್ ವುಕೊಮನೊವಿಚ್ ತಮ್ಮ ಆಟಗಾರರನ್ನು ಮೈದಾನದಿಂದ ಹೊರಗೆ ಕರೆದರು. ಪಂದ್ಯ ಬೆಂಗಳೂರಿನ ಪಾಲಾಯಿತು, ಕೇರಳ ಕ್ಲಬ್‌ಗೆ ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್ 4 ಕೋಟಿ ರೂಪಾಯಿ ದಂಡ ಹಾಕಿತು. ನಿಯಮ ಹೇಳುವುದು ಇಷ್ಟು: ಫ್ರೀ ಕಿಕ್ ಪಡೆದ ತಂಡ ಬೇಗನೆ ಹೊಡೆಯಬಹುದು. ಆದರೆ ಗೋಡೆಯನ್ನು 9.15 ಮೀಟರ್ ದೂರ ನಿಲ್ಲಿಸುವ ಕೆಲಸಕ್ಕೆ ರೆಫರಿ ಇಳಿದಿದ್ದರೆ ಸೀಟಿಗೆ ಕಾಯಬೇಕು. ಕೇರಳದವರ ಆಕ್ಷೇಪ ಈ ಎರಡನೆಯ ಭಾಗದ ಮೇಲೆ ನಿಂತಿತ್ತು, ಶಿಸ್ತು ಸಮಿತಿ ಅದನ್ನು ಒಪ್ಪಲಿಲ್ಲ. ರೆಫರಿಯ ಒಂದು ತೀರ್ಮಾನ ಎರಡೂ ಕಡೆ ವಾಲಬಹುದಿತ್ತು ಎನ್ನುವ ಮಟ್ಟಿಗೆ ನಿಮ್ಮ ಸ್ನೇಹಿತರು ಹೇಳುವ ಅದೃಷ್ಟ ಅಲ್ಲಿದೆ. ಆದರೆ ಗೋಲ್‌ಕೀಪರ್ ಸ್ಥಾನ ಬಿಟ್ಟಿದ್ದಾರೆಂದು ಆ ಗಳಿಗೆಯಲ್ಲಿ ಕಂಡ ಕಣ್ಣು, ಅಷ್ಟು ಒತ್ತಡದಲ್ಲಿ ನಡುಗದ ಕಾಲು ಅದೃಷ್ಟದಿಂದ ಬಂದವಲ್ಲ. ಇನ್ನೊಂದು ಮಾತನ್ನು ಇಬ್ಬರೂ ಮರೆಯುತ್ತೀರಿ. ಆ ಪಂದ್ಯ ಬೆಂಗಳೂರಿನಲ್ಲೇ ನಡೆದದ್ದು ಏಕೆ? ಲೀಗ್‌ನ ಕೊನೆಯ ಎಂಟೂ ಪಂದ್ಯ ಗೆದ್ದು ಬೆಂಗಳೂರು ನಾಲ್ಕನೇ ಸ್ಥಾನಕ್ಕೇರಿತ್ತು, ಕೇರಳ ಐದರಲ್ಲಿತ್ತು. ತವರು ಮೈದಾನವನ್ನು ಎಂಟು ಪಂದ್ಯಗಳ ಬೆವರು ಕೊಟ್ಟು ಕೊಂಡದ್ದು.

ತವರಿನ ಲಾಭ ಎಂಬುದೂ ಬರೀ ನಂಬಿಕೆಯಲ್ಲ. 2020ರಲ್ಲಿ ಕೋವಿಡ್ ಕಾರಣ ಯುರೋಪಿನ ಮೈದಾನಗಳು ಖಾಲಿಯಾದಾಗ ತವರು ತಂಡಗಳ ಗೆಲುವು ಕುಗ್ಗಿತು, ಅತಿಥಿ ತಂಡಕ್ಕೆ ಹೆಚ್ಚು ಹಳದಿ ಕಾರ್ಡ್ ಬೀಳುವ ರೂಢಿಯೂ ತಗ್ಗಿತು. ಜನರ ಕೂಗು ರೆಫರಿಯ ಕಿವಿಗೂ ಬೀಳುತ್ತದೆ. ಆದರೆ ಆ ಕೂಗು ಮೈದಾನದಲ್ಲಿರಬೇಕು. ದಾವಣಗೆರೆಯ ಬೇಕರಿಯ ಬೆಂಚಿನ ಮೇಲೆ ನೀವು ಕೂತಿರುವುದಕ್ಕೂ ಕೋಲ್ಕತ್ತದಲ್ಲಿ ಚೆಂಡು ಉರುಳುವುದಕ್ಕೂ ಯಾವ ಸಂಬಂಧವೂ ಇಲ್ಲ. ಕಾಲ್ಗುಣದ ಮಾತು ಹುಟ್ಟುವುದು ನೆನಪಿನ ಆಯ್ಕೆಯಿಂದ. ನೀವು ಅಲ್ಲಿ ಕೂತು ಗೆದ್ದ ಪಂದ್ಯಗಳನ್ನು ಯಾರೂ ನೆನಪಿಡುವುದಿಲ್ಲ, ಸೋತವನ್ನು ಎಲ್ಲರೂ ಎಣಿಸುತ್ತಾರೆ. ತಂಡ ಗೆದ್ದರೆ ನಮ್ಮ ಆಟ, ಎದುರಾಳಿ ಗೆದ್ದರೆ ಅವರ ಅದೃಷ್ಟ ಎನ್ನುವುದೂ ಇದೇ ಜಾತಿಯ ಮಾತು. 2024ರ ಡಿಸೆಂಬರ್‌ನಲ್ಲಿ ನಲವತ್ತರ ಚೆಟ್ರಿ ಕೇರಳದ ಎದುರು ಮೂರು ಗೋಲು ಹೊಡೆದು ಬೆಂಗಳೂರು 4-2ರಿಂದ ಗೆದ್ದಾಗ ನಿಮ್ಮ ಸ್ನೇಹಿತರು ಏನೆಂದರು, ನೀವು ಏನೆಂದಿರಿ, ನೆನಪಿಸಿಕೊಳ್ಳಿ.

ಪೆನಾಲ್ಟಿಗೆ ಬರೋಣ, ಇದು ಮಗನ ವಿಷಯ. ವೃತ್ತಿಪರ ಮಟ್ಟದಲ್ಲಿ ನಾಲ್ಕರಲ್ಲಿ ಸುಮಾರು ಮೂರು ಪೆನಾಲ್ಟಿ ಗೋಲಾಗುತ್ತವೆ. ಹನ್ನೊಂದು ಮೀಟರ್ ದೂರದಿಂದ ಚೆನ್ನಾಗಿ ಹೊಡೆದ ಚೆಂಡು ಅರ್ಧ ಸೆಕೆಂಡಿನೊಳಗೆ ಬಂದುಬಿಡುತ್ತದೆ, ಕೀಪರ್ ನೋಡಿ ಹಾರುವಷ್ಟು ಹೊತ್ತೇ ಇಲ್ಲ. ಒಂದು ತಂಡದ ಹೊಡೆತಗಾರರು ನೂರಕ್ಕೆ 80 ಗೋಲು ಮಾಡುವವರು, ಇನ್ನೊಂದರವರು 70 ಮಾಡುವವರು ಎಂದುಕೊಂಡರೂ, ಉತ್ತಮ ತಂಡ ಶೂಟೌಟ್ ಗೆಲ್ಲುವುದು ಮೂರರಲ್ಲಿ ಸುಮಾರು ಎರಡು ಸಲ ಮಾತ್ರ. ಅದೇ 2023ರಲ್ಲಿ ಬೆಂಗಳೂರು ಸೆಮಿಫೈನಲ್‌ನಲ್ಲಿ ಲೀಗ್‌ನ ಅಗ್ರ ತಂಡ ಮುಂಬೈ ಸಿಟಿಯನ್ನು ಶೂಟೌಟ್‌ನಲ್ಲಿ 9-8ರಿಂದ ಮಣಿಸಿತು, ಕೆಲವೇ ದಿನಗಳಲ್ಲಿ ಫೈನಲ್ ಅನ್ನು ಶೂಟೌಟ್‌ನಲ್ಲೇ ಕಳೆದುಕೊಂಡಿತು. ಆ ನಡುವೆ ಯಾರೂ ಆಟ ಮರೆತಿರಲಿಲ್ಲ. ಆದರೂ 2022ರ ಫೈನಲ್‌ನಲ್ಲಿ ಹೈದರಾಬಾದ್‌ನ ಲಕ್ಷ್ಮೀಕಾಂತ್ ಕಟ್ಟಿಮನಿ ಕೇರಳದ ಮೂರು ಹೊಡೆತ ತಡೆದದ್ದನ್ನು ಬರೀ ಗ್ರಹಬಲ ಎಂದುಬಿಟ್ಟರೆ ಅನ್ಯಾಯ. ಹೊಡೆಯುವವನ ಓಟ ನೋಡುವುದು, ಊರಿದ ಕಾಲಿನ ಪಾದ ಯಾವ ಕಡೆ ತಿರುಗಿದೆ ಎಂದು ಗಮನಿಸುವುದು, ಕೊನೆಯ ಕ್ಷಣದವರೆಗೆ ಅಲುಗಾಡದೆ ನಿಲ್ಲುವುದು ಇವೆಲ್ಲ ಕಲಿತರೆ ಬರುವ ವಿದ್ಯೆ.

ಇಲ್ಲಿ ನನ್ನದೊಂದು ತಪ್ಪನ್ನು ಹೇಳಲೇಬೇಕು. ಬಹಳ ವರ್ಷಗಳ ಹಿಂದೆ ನೆರೆಜಿಲ್ಲೆಯ ಒಂದು ಪಂದ್ಯಾವಳಿಯ ಫೈನಲ್‌ನಲ್ಲಿ ನಮ್ಮ ತಂಡ ಶೂಟೌಟ್‌ನಲ್ಲಿ ಸೋತಿತು. ಕೀಪರ್ ಹುಡುಗ ಐದರಲ್ಲಿ ಒಂದನ್ನೂ ತಡೆಯಲಿಲ್ಲ. ಅದರ ಹಿಂದಿನ ವರ್ಷವೂ ಅವನಿದ್ದಾಗಲೇ ಸೋತಿದ್ದೆವು. ‘ಅವನ ಕೈ ಆಗಿಬರುವುದಿಲ್ಲ’ ಎಂದು ಯಾರೋ ಅಂದರು, ಸಂಖ್ಯಾಶಾಸ್ತ್ರ ಕಲಿಸುವ ನಾನೂ ತಲೆಯಾಡಿಸಿ ಮುಂದಿನ ಪಂದ್ಯಕ್ಕೆ ಅವನನ್ನು ಹೊರಗೆ ಕೂರಿಸಿದೆ. ಬೇಸಿಗೆ ರಜೆಯಲ್ಲಿ ನನ್ನ ಲೆಕ್ಕದ ಪುಸ್ತಕ ತಿರುವಿ ಹಾಕುವಾಗ ಕಂಡಿತು: ಎರಡು ವರ್ಷದ ಪಂದ್ಯಗಳಲ್ಲಿ ಗೋಲಿನತ್ತ ಬಂದ ಹೊಡೆತಗಳಲ್ಲಿ ಅವನು ತಡೆದಷ್ಟನ್ನು ನನ್ನ ಬೇರೆ ಯಾವ ಕೀಪರ್ ತಡೆದಿರಲಿಲ್ಲ. ಪೆನ್ಸಿಲ್ಲಿನ ಆ ಗೆರೆಗಳು ನನ್ನ ಕೈಯಿಂದಲೇ ಎಳೆದವು. ಜೂನ್‌ನಲ್ಲಿ ಅವನ ಮನೆಗೆ ಹೋಗಿ ಕರೆದೆ. ಅಷ್ಟರಲ್ಲಿ ಅವನು ಆಟ ಬಿಟ್ಟು ಅಡಿಕೆ ಮಂಡಿಯಲ್ಲಿ ಕೆಲಸಕ್ಕೆ ಸೇರಿದ್ದ. ನಿಮ್ಮ ಮಗನ ಮಾತು ಓದಿದಾಗ ನನಗೆ ಮೊದಲು ನೆನಪಾದದ್ದು ಅವನ ಮುಖ.

ಆದ್ದರಿಂದ ಮಗನಿಗೆ ಹೀಗೆ ಹೇಳಿ. ಶೂಟೌಟ್‌ನ ಐದು ಹೊಡೆತ ಅವನ ಕೈಯಳತೆಯದ್ದಲ್ಲ. ಚೀಲದಲ್ಲಿ ಸುಣ್ಣದ ಬೀಜ ಎಷ್ಟಿರಬೇಕು ಎಂಬುದು ಅವನ ಕೈಯಲ್ಲಿದೆ. ಬೆಳಿಗ್ಗೆ ಐದೂವರೆಯ ಅಭ್ಯಾಸ ಎದುರಾಳಿಯ ಬೀಜಗಳನ್ನು ಒಂದೊಂದೇ ಕಡಿಮೆ ಮಾಡುತ್ತದೆ. ಇಪ್ಪತ್ತರಲ್ಲಿ ನಾಲ್ಕು ಪೆನಾಲ್ಟಿ ತಡೆಯುವವನು ಆರು ತಡೆಯುವಂತಾದರೆ, ಒಂದು ಪಂದ್ಯದಲ್ಲಿ ಅದು ಕಾಣಿಸದೆಯೂ ಹೋಗಬಹುದು, ಮೂರು ವರ್ಷದಲ್ಲಿ ಖಂಡಿತ ಕಾಣಿಸುತ್ತದೆ. ಅವನಿಗೊಂದು ನೋಟ್‌ಬುಕ್ ಕೊಡಿಸಿ. ಗೆಲುವು ಸೋಲು ಅದರಲ್ಲಿ ಬರೆಯುವುದು ಬೇಡ. ಬಂದ ಹೊಡೆತ ಎಷ್ಟು, ತಡೆದದ್ದೆಷ್ಟು, ಹಾರಿದ ದಿಕ್ಕು ಸರಿಯಿತ್ತೇ, ಇಷ್ಟು ಸಾಕು. ಇದರಲ್ಲಿ ಒಂದು ಅಪಾಯವೂ ಇದೆ. ಹುಡುಗ ಲೆಕ್ಕದ ಹಿಂದೆಯೇ ಬಿದ್ದು ಪ್ರತಿ ಗೋಲಿಗೂ ಕೊರಗಬಹುದು. ಹಾಗಾಗಿ ತಿಂಗಳಿಗೊಮ್ಮೆ ಮಾತ್ರ ಕೂಡಿಸಿ ನೋಡಿ, ಪಂದ್ಯ ಮುಗಿದ ಸಂಜೆ ಪುಸ್ತಕ ತೆರೆಯಬೇಡಿ.

ಪಣದ ಬಗ್ಗೆ ನನ್ನ ಅಭಿಪ್ರಾಯ ಸ್ಪಷ್ಟ: ಬಿಟ್ಟುಬಿಡಿ. ಯಾವ ತಂಡ ಮೇಲೆಂದು ನಿಮಗೆ ಸರಿಯಾಗಿಯೇ ತಿಳಿದಿದ್ದರೂ, ನಮ್ಮ ಬೀಜದ ಲೆಕ್ಕದಂತೆ ಸತತ ಮೂರು ಪಂದ್ಯ ಅದು ಗೆಲ್ಲದೆ ಇರುವ ಸಂಭವ ಒಂಬತ್ತರಲ್ಲಿ ಒಂದು. ಸರಿಯಾದ ತಿಳಿವಳಿಕೆ ಇದ್ದವನೂ ಹೀಗೆ ಜೇಬು ಖಾಲಿ ಮಾಡಿಕೊಳ್ಳುತ್ತಾನೆ, ಹೋದದ್ದನ್ನು ಮರಳಿ ಪಡೆಯಲು ಪಣ ಏರಿಸುತ್ತಾನೆ. ಮೊಬೈಲ್‌ನಲ್ಲಿ ಹಣ ಕಟ್ಟುವ ಆಟಗಳನ್ನು ನಿಷೇಧಿಸುವ ಕಾಯ್ದೆಯನ್ನು ಸಂಸತ್ತು 2025ರ ಆಗಸ್ಟ್‌ನಲ್ಲಿ ಅಂಗೀಕರಿಸಿದೆ. 1872ರ ಕರಾರು ಕಾಯ್ದೆಯ ಪ್ರಕಾರವೂ ಪಣದ ಒಪ್ಪಂದ ಊರ್ಜಿತವಲ್ಲ. ಕಾನೂನಿಗಿಂತ ನನಗೆ ಚಿಂತೆ ಇಪ್ಪತ್ತು ವರ್ಷದ ನೆರೆಹೊರೆಯದು. ಮುಂದಿನ ಸಲ ಸೋತವರು ಬೆಣ್ಣೆ ದೋಸೆ ಕೊಡಿಸಲಿ, ಸಾಕು.

ವಾದ ಬಿಡಲು ನಾನು ಹೇಳುವುದಿಲ್ಲ, ವಾದವಿಲ್ಲದೆ ಅಭಿಮಾನಕ್ಕೆ ರುಚಿಯೆಲ್ಲಿ? ಅದನ್ನು ಯಾವ ಅಳತೆಯಿಂದ ಮಾಡುತ್ತೀರಿ ಎಂಬುದು ನಿಮ್ಮಿಬ್ಬರ ಆಯ್ಕೆ. ಬರೀ ಫಲಿತಾಂಶದಿಂದ ಅಳೆದರೆ ಸುಲಭ, ಆದರೆ ಮೇಲೆ ಹೇಳಿದಂತೆ ಮೋಸಹೋಗುತ್ತೀರಿ. ಅಂಕಪಟ್ಟಿ ಹೆಚ್ಚು ನಂಬಿಕಸ್ಥ, ಆದರೆ ಋತು ಅರ್ಧ ಕಳೆಯುವವರೆಗೆ ತಾಳ್ಮೆ ಬೇಕು. ಅವಕಾಶಗಳನ್ನು ಎಣಿಸುವುದು ನನಗೆ ಹಿಡಿಸಿದ ದಾರಿ. ಪೆನಾಲ್ಟಿ ಆವರಣದ ಒಳಗಿನಿಂದ ಹೊಡೆದದ್ದೆಷ್ಟು, ಹೊರಗಿನಿಂದ ಎಷ್ಟು ಎಂದು ಬೇರೆ ಬೇರೆ ಗೆರೆ ಎಳೆಯಿರಿ. ಟಿವಿಯಲ್ಲಿ ತೋರಿಸುವ ‘ಎಕ್ಸ್‌ಜಿ’ ಎಂಬ ಅಂಕಿಯೂ ಇದರ ಬೆಳೆದ ರೂಪವೇ. ಪ್ರತಿ ಹೊಡೆತ ಗೋಲಾಗುವ ಸಂಭವವನ್ನು ಕೂಡಿಸಿದ ಮೊತ್ತ ಅದು, ಅದರಲ್ಲಿ ಒಂದು ಪೆನಾಲ್ಟಿಗೆ ಮುಕ್ಕಾಲಿನ ಆಸುಪಾಸು ಬೆಲೆ. ಈ ದಾರಿಗೂ ಒಂದು ತೊಡಕಿದೆ. ನಮ್ಮ ತಂಡದ ಹೊಡೆತವೆಲ್ಲ ಒಳಗಿನದೆಂದೂ ಅವರದೆಲ್ಲ ಹೊರಗಿನದೆಂದೂ ಕಣ್ಣು ಹೇಳಿಬಿಡುತ್ತದೆ. ಅದಕ್ಕೆ ಬೆಂಗಳೂರಿನ ಲೆಕ್ಕವನ್ನು ಬೇಕರಿಯವರು ಬರೆಯಲಿ, ಕೇರಳದ ಲೆಕ್ಕವನ್ನು ನೀವು ಬರೆಯಿರಿ. ಪಂದ್ಯ ಮುಗಿದ ಮೇಲೆ ಪುಸ್ತಕ ಅದಲುಬದಲು ಮಾಡಿಕೊಂಡು ಇಬ್ಬರೂ ಸಹಿ ಹಾಕಿ. ತಕರಾರು ಬಂದ ಹೊಡೆತಕ್ಕೆ ನಿಮ್ಮ ಮಗನೇ ರೆಫರಿಯಾಗಲಿ, ಗೋಲಿನ ಬಾಯಲ್ಲಿ ನಿಂತು ಚೆಂಡು ಬರುವುದನ್ನು ನೋಡಿದವನು ಮೂವರಲ್ಲಿ ಅವನೊಬ್ಬನೇ.